ಒರಿಸ್ಯಾ ನುಂಗಿದ ಅರ್ಧ ಮಾತ್ರೆ

ವಿನಿಪೆಗ್‌ನ ಉಕ್ರೇನಿಯನ್ ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರ ಅಂದರೆ ಪೈರೋಹಿಯ ದಿನ. ಹಿಟ್ಟಿನ ಹಾಳೆಯಲ್ಲಿ ಆಲೂಗಡ್ಡೆ ಇಟ್ಟು, ಅಂಚನ್ನು ಚಿವುಟಿ ಮುಚ್ಚಿ, ಕುದಿಯುವ ನೀರಿಗೆ ಬಿಡುವ ಕಡುಬು ಅದು. ಒರಿಸ್ಯಾ ಮೂವತ್ತು ವರ್ಷ ಆ ಅಂಚು ಚಿವುಟಿದವಳು, ಗಂಟೆಗೆ ಇನ್ನೂರು, ಒಂದೂ ಬಿಟ್ಟುಕೊಳ್ಳುತ್ತಿರಲಿಲ್ಲ! ಪಾರ್ಕಿನ್ಸನ್ ಬಂದು ಬಲಗೈ ನಡುಗತೊಡಗಿದ ಮೇಲೆ ಮಾತ್ರ ಅವಳ ಕಡುಬುಗಳು ಪಾತ್ರೆಯಲ್ಲೇ ಬಾಯಿ ಬಿಟ್ಟವು.

"ಲೇ ಒರಿಸ್ಯಾ, ನಿನ್ ಕಡುಬು ನನ್ ಗಂಡನ ಥರಾನೇ ಕಣೇ, ಬಾಯಿ ಮುಚ್ಚೋದೇ ಇಲ್ಲ!" ಅಂದಳು ಕಡುಬಿನ ಮೇಜಿನ ಯಜಮಾನಿ ಸ್ಲಾವ್ಕಾ. ಎಲ್ಲರೂ ನಕ್ಕರು, ಒರಿಸ್ಯಾಳೂ ನಕ್ಕಳು. ಮರುವಾರ ಅವಳ ಮುಂದೆ ಈರುಳ್ಳಿಯ ಮೂಟೆ ಬಂದು ಕೂತಿತು, ಸುಲಿಯುವುದಕ್ಕೆ. ಅವತ್ತಿನಿಂದ ಅವಳು ನಡುಕ ತಡೆಯುವ ಮಾತ್ರೆ ನುಂಗದೆ ಯಾರೆದುರೂ ನಿಲ್ಲಲಿಲ್ಲ.

ಬರಬರುತ್ತಾ ಮಾತ್ರೆಯ ಬಲ ಎರಡು ಮೂರು ಗಂಟೆಗೆ ಇಳಿಯಿತು. ಮಿದುಳಿನ ಆಳಕ್ಕೆ ಕೂದಲಿನಷ್ಟು ತೆಳು ತಂತಿ ಇಳಿಸಿ, ಎದೆಯ ಚರ್ಮದಡಿ ಇಟ್ಟ ಬ್ಯಾಟರಿಯಿಂದ ಕರೆಂಟು ಕೊಡೋಣ, ಅಂದರು ಡಾಕ್ಟರು. ಆಪರೇಷನ್ ನಡೆಯುವಾಗ ಅವಳು ಎಚ್ಚರವಾಗಿಯೇ ಇರಬೇಕು. ಹಿಂದಿನ ಸಂಜೆಯಿಂದ ಒಂದೂ ಮಾತ್ರೆ ಮುಟ್ಟಬಾರದು. ನಡುಕ ಕಂಡರೆ ತಾನೆ ಅದು ನಿಲ್ಲುವ ಜಾಗ ಸಿಗುವುದು!

ಆಪರೇಷನ್ ದಿನ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಬಾಗಿಲಲ್ಲೇ ಸ್ಲಾವ್ಕಾ ಮತ್ತು ಮೇಜಿನ ನಾಲ್ವರು ಹೆಂಗಸರು, ಪ್ರಾರ್ಥನೆ ಮಾಡಿ ಕಳಿಸಲು ಬಂದು ನಿಂತಿದ್ದರು. ದೂರದಿಂದ ಅವರನ್ನು ಕಂಡದ್ದೇ ಒರಿಸ್ಯಾಳ ಕೈ ಕೋಟಿನ ಜೇಬಿಗೆ ಹೋಯಿತು. ಅರ್ಧ ಮಾತ್ರೆ. ನೀರಿಲ್ಲದೆ ನುಂಗಿಬಿಟ್ಟಳು.

ಒಂಬತ್ತಕ್ಕೆ ತಲೆಗೆ ಲೋಹದ ಚೌಕಟ್ಟು, ನಾಲ್ಕು ತಿರುಪು, ಕತ್ತು ಅಲ್ಲಾಡುವಂತಿಲ್ಲ. ನೆತ್ತಿಯ ಮುಂದೆ ಡ್ರಿಲ್ಲು ಗುರ್ರೆಂದಾಗ ಹಲ್ಲುಗಳೆಲ್ಲ ಒಟ್ಟಿಗೆ ಅದುರಿದವು. ತಂತಿ ಒಳಗಿಳಿಯಿತು. ಸ್ಪೀಕರಿನಲ್ಲಿ ಬಾಣಲೆಯ ಈರುಳ್ಳಿಯಂತೆ ಚರಚರ ಸದ್ದು.

"ಅದು ನಿಮ್ಮ ಮಿದುಳಿನ ಸದ್ದೇ," ಅಂದರು ಡಾಕ್ಟರು. "ಈಗ ಬಲಗೈ ಎತ್ತಿ. ಅರೆ, ನಡುಕಾನೇ ಇಲ್ವಲ್ಲ! ತಂತಿ ಇಳಿದಿದ್ದಕ್ಕೇ ನಿಂತ್ಹೋಯ್ತಾ? ಒಮ್ಮೊಮ್ಮೆ ಹಾಗೂ ಆಗತ್ತೆ. ಬಹುಶಃ ಇದೇ ಜಾಗ."

ನಡುಕ ನಿಲ್ಲಿಸಿದ್ದು ತಂತಿಯಲ್ಲ, ಬೆಳಗಿನ ಅರ್ಧ ಮಾತ್ರೆ ಎಂದು ಒರಿಸ್ಯಾಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ತಂತಿ ಎಲ್ಲೋ ತಪ್ಪಾಗಿ ಕೂತು ಕೈ ಎಂದೆಂದಿಗೂ ನಡುಗುತ್ತಲೇ ಇರುತ್ತದೆ. ಹೇಳಿದರೆ ತೂತು ಮುಚ್ಚಿ ಮನೆಗೆ ಅಟ್ಟುತ್ತಾರೇನೋ!

"ಡಾಕ್ಟ್ರೇ... ಮಾತ್ರೆ ತಗೊಂಡ್ಬಿಟ್ಟೆ. ಅರ್ಧಾನೇ. ಏಳು ಗಂಟೆಗೆ."

ಡಾಕ್ಟರು ಅವಳ ಮುಖದ ಮೇಲೆ ಬಗ್ಗಿದರು.

"ಯಾಕೆ?"

"ಸ್ಲಾವ್ಕಾ ಬಂದಿದ್ಲು."

ಮುಖಗವಸಿನ ಹಿಂದೆ ಡಾಕ್ಟರು ನಕ್ಕರೋ ಬೈದರೋ ತಿಳಿಯಲಿಲ್ಲ. "ನಾನು ತಂತೀನ ಅಲ್ಲೇ ಕೂರಿಸಿ ಮುಗಿಸ್ತಿದ್ದೆ, ಗೊತ್ತಾ? ಇರಲಿ. ಮಾತ್ರೆ ಬಲ ಇಳಿಯೋವರೆಗೂ ಕಾಯೋಣ."

ತೆರೆದ ತಲೆಯಲ್ಲಿ ಕಾಯುವುದು! ಗಡಿಯಾರ ನೋಡಲೂ ಕತ್ತು ತಿರುಗದು. ಬರದೇ ಹೋದರೆ? ಎರಡು ವರ್ಷ ಬೇಡವೆಂದು ಅತ್ತ ನಡುಕವನ್ನೇ ಈಗ ಬಾ ತಾಯಿ, ಬಾ ಎಂದು ಬೇಡಿಕೊಂಡಳು. ಹತ್ತು ಗಂಟೆ ಹೊತ್ತಿಗೆ ಹೆಬ್ಬೆರಳು ಮಿಡಿಯಿತು. ಆಮೇಲೆ ಇಡೀ ಕೈ ಹಾಸಿಗೆಯ ಕಂಬಿಗೆ ಟಕಟಕ ಬಡಿಯಿತು.

"ಬಂತು!" ಎಂದು ಕೂಗಿದಳು.

ಕರೆಂಟು ಬಿಟ್ಟರು. ಮೊದಲ ಜಾಗದಲ್ಲಿ ಕೈ ನಿಲ್ಲಲೇ ಇಲ್ಲ. ತಂತಿ ಇನ್ನೊಂದಿಷ್ಟು ಆಳಕ್ಕೆ ಇಳಿಯಿತು. ನಾಲಗೆ ದಪ್ಪವಾಗಿ ಮಾತು ತೊದಲಿತು, ಇನ್ನು ಮುಗಿಯಿತು ನನ್ನ ಕಥೆ ಅಂದುಕೊಂಡಳು. ಕರೆಂಟು ಸ್ವಲ್ಪ ಇಳಿಸಿದರು. ತೊದಲು ಹೋಯಿತು. ಕೈ... ಕೈ ನಿಂತಿತ್ತು.

"ಹೆಬ್ಬೆರಳು ತೋರುಬೆರಳು ಬೇಗ ಬೇಗ ತಟ್ಟಿ ನೋಡೋಣ," ಅಂದರು ಡಾಕ್ಟರು.

ಒರಿಸ್ಯಾ ಬೆರಳು ಕೂಡಿಸಿದಳು, ಜರುಗಿಸಿದಳು, ಮತ್ತೆ ಕೂಡಿಸಿದಳು, ಗಾಳಿಯಲ್ಲೊಂದು ಅರ್ಧಚಂದ್ರ ಸಾಗಿತು.

"ಇದೇನ್ ಮಾಡ್ತಿದೀರಾ?"

"ಅಂಚು ಮುಚ್ತಿದೀನಿ. ಮಾತಾಡಿಸ್ಬೇಡಿ, ಬಿಟ್ಕೊಂಡ್ಬಿಡತ್ತೆ."