ಎದುರುಮನೆ ಅಕ್ಕನ ತೆಳು ಕಾಫಿ

ಎದುರುಮನೆ ಅಕ್ಕನ ಎಡಗೆನ್ನೆಯ ಮೇಲೆ ಬೇಸಿಗೆಯಿಡೀ ದುಂಡನೆಯ ಒದ್ದೆ ಗುರುತೊಂದು ಇರುತ್ತಿತ್ತು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟ ತಣ್ಣಗಾಗಿದೆಯೋ ಇಲ್ಲವೋ ಎಂದು ಅವರು ಕೈಯಲ್ಲಿ ಮುಟ್ಟಿ ನೋಡುತ್ತಿರಲಿಲ್ಲ, ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಒಲೆ ಮುಂದೆ ಸವೆದ ಕೈಗೆ ತಂಪು ಗೊತ್ತಾಗುವುದಿಲ್ಲ ಎನ್ನುವುದು ಅವರ ವಾದ. ಶಿಕಾರಿಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೂಡ್ಸ್ ಆಟೊ ಹೋಗುವಷ್ಟು ರಸ್ತೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಅವರು ಕಿಟಕಿಯಿಂದ ಕೈ ಬೀಸುತ್ತಿದ್ದರು, ನಾನು ಚಪ್ಪಲಿಯನ್ನೂ ಮೆಟ್ಟದೆ ಓಡುತ್ತಿದ್ದೆ.

ಆ ಕೋಲ್ಡ್ ಕಾಫಿಯನ್ನು ಅವರು ಕಲಿತದ್ದು ಗಂಡನಿಗಾಗಿ. ಯಜಮಾನರಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಐಸ್‌ಕ್ರೀಮಿನ ಹುಚ್ಚು. ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಕಪ್ಪುಗಟ್ಟಲೆ ತಿಂದು ಬಾಯೊರೆಸಿಕೊಂಡು ಮನೆಗೆ ಬರುತ್ತಿದ್ದರಂತೆ. "ಬ್ಯಾಡ ಅಂದ್ರ ಕದ್ದು ತಿಂತಾರ ತಂಗಿ. ಒಂದು ಚಮಚ ಕೊಟ್ರ ಕಣ್ಮುಂದೆ ತಿಂತಾರ" ಎನ್ನುತ್ತಿದ್ದರು ಅಕ್ಕ. ಬೆಳಗಿನ ಕಾಫಿ ಆದಮೇಲೆ ಅದೇ ಪುಡಿಗೆ ಇನ್ನೊಂದು ಸಲ ಬಿಸಿನೀರು ಹಾಕಿ ಇಳಿಸಿದ ಡಿಕಾಕ್ಷನ್ ಇದಕ್ಕೆ. ಅದರಲ್ಲಿ ಅರ್ಧವನ್ನು ಐಸ್ ಟ್ರೇಗೆ ಸುರಿದು ಗಡ್ಡೆ ಕಟ್ಟಿಸುತ್ತಿದ್ದರು, ಕರಗಿದರೆ ನೀರಾಗಬಾರದು, ಕಾಫಿಯೇ ಆಗಬೇಕು ಎಂದು. ಉಳಿದರ್ಧಕ್ಕೆ ಕೆನೆ ತೆಗೆದ ತಣ್ಣನೆಯ ಹಾಲು ಸೇರಿಸಿ ಮುಚ್ಚಳದ ಬಾಟಲಿಯಲ್ಲಿ ನೊರೆ ಏಳುವವರೆಗೆ ಕುಲುಕುವುದು. ಸಕ್ಕರೆ ಇಲ್ಲವೇ ಇಲ್ಲ. ಕೊನೆಗೆ ಒಂದು ಚಮಚ ವೆನಿಲ್ಲಾ ಐಸ್‌ಕ್ರೀಮ್, ಅದೂ ಕದಡದೆ ಮೇಲೆ ಕೂರಬೇಕು. "ಮೊದಲ್ನೇ ಗುಟುಕಿಗೆ ನಾಲಿಗೆ ಸಿಹಿ ಕಂಡ್ರ ಸಾಕು, ಆಮ್ಯಾಲೆ ಅದು ಸಕ್ರಿ ಕೇಳಂಗಿಲ್ಲ." ಇಷ್ಟು ಲೆಕ್ಕಾಚಾರದಿಂದ ಮಾಡಿದ್ದನ್ನು ಜನ ಏನೆಂದು ಕರೆದರು ಗೊತ್ತೇ? ನೀರು ಕಾಫಿ. ಹಾಗೆ ಕರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಅಕ್ಕನ ಒಬ್ಬಳೇ ಮಗಳನ್ನು ನೋಡಲು ಆನವಟ್ಟಿ ಕಡೆಯಿಂದ ಗಂಡಿನವರು ಬರುವುದಿತ್ತು. ಹುಡುಗನ ಅಪ್ಪ ಮೆಕ್ಕೆಜೋಳದ ವ್ಯಾಪಾರಿ, ಒಳ್ಳೆಯ ಹೆಸರು. ಹುಡುಗನ ಫೋಟೊ ನೋಡಿ ಮಗಳು ಮನಸ್ಸಿನಲ್ಲೇ ಒಪ್ಪಿಯಾಗಿತ್ತು. ಹಿಂದಿನ ದಿನ ಅಕ್ಕ ನನ್ನನ್ನು ಕೇಳಿದರು, "ಬರೋರಿಗೆ ಏನು ಆಗಿಬರ್ತತಿ, ಏನು ಆಗಿಬರಂಗಿಲ್ಲ ಅಂತ ಯಾರನ್ನ ಕೇಳ್ಲಿ?" ಆಗ ನಾನು ಬಾಯಿಬಿಟ್ಟೆ. ನಾನು ಕೆಲಸ ಮಾಡುತ್ತಿದ್ದುದು ಇಲ್ಲಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಹುಡುಗನ ಅಪ್ಪ ತಮ್ಮೂರಲ್ಲಿ ಯಾರಿಗೂ ತಿಳಿಯಬಾರದೆಂದು ತಾಲ್ಲೂಕು ದಾಟಿ ನಮ್ಮಲ್ಲಿಗೆ ಬಂದು ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಹೋಗುತ್ತಿದ್ದರು. ಮಗನ ಮದುವೆ ಮುಗಿಯುವ ತನಕ ಗುಟ್ಟು. ಆ ರಿಪೋರ್ಟು ನನ್ನ ಕೈಯಲ್ಲೇ ತಯಾರಾಗಿತ್ತು. ಅದನ್ನು ನಾನು ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಿದೆ.

ಅಕ್ಕ ಕೇಸರಿಬಾತಿಗೆಂದು ತೆಗೆದಿಟ್ಟ ರವೆಯನ್ನು ಡಬ್ಬಿಗೆ ವಾಪಸ್ ಸುರಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಆಮೇಲೆ ಈ ಕಾಫಿ ಎಂದು ತೀರ್ಮಾನವಾಯಿತು. ಸಿಹಿಯ ಶಾಸ್ತ್ರಕ್ಕೆ ಐಸ್‌ಕ್ರೀಮೇ ಆಯಿತಲ್ಲ ಎಂದರು. ಹುಡುಗನ ಅಪ್ಪನೊಬ್ಬರಿಗೆ ಮಾತ್ರ ತೆಳುವಾಗಿ ಮಾಡಿ ಉಳಿದವರಿಗೆ ಗಟ್ಟಿಯಾಗಿ ಮಾಡಿಕೊಡಿ ಎಂದೆ. ಅವರು ಒಪ್ಪಲಿಲ್ಲ. "ಒಬ್ರ ಲೋಟ ಬ್ಯಾರೆ ಮಾಡಿದ್ರ, ಇವ್ರಿಗೆ ರೋಗ ಐತಿ ಅಂತ ಡಂಗುರ ಹೊಡದಂಗ ಆಗ್ತತಿ. ಎಲ್ರಿಗೂ ಇದೇ ಇರ್ಲಿ."

ಬಂದವರು ಐದು ಜನ. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಹುಡುಗನ ಸೋದರತ್ತೆ ಒಂದು ಗುಟುಕು ಕುಡಿದು ಲೋಟವನ್ನು ದೂರ ಸರಿಸಿದರು. "ಏನ್ರೀ ಇದು, ಲೋಟ ತೊಳೆದ ನೀರಿಗೆ ಐಸ್‌ಕ್ರೀಮ್ ತೇಲಿಬಿಟ್ಟಿದ್ದೀರಲ್ಲ. ನಮ್ಮ ಕಡೆ ಆಳುಗಳಿಗೂ ಇದಕ್ಕಿಂತ ಗಟ್ಟಿ ಕಾಫಿ ಕೊಡ್ತೀವಿ." ಎಲ್ಲರೂ ನಕ್ಕರು. ಅಕ್ಕ, "ಬ್ಯಾಸಿಗಿ ಅಲ್ರೀ, ಹೊಟ್ಟಿಗೆ ಹಗುರ ಇರ್ಲಿ ಅಂತ" ಎಂದರು. ಇನ್ನು ಆ ಮನುಷ್ಯ, ಯಾರ ಸಲುವಾಗಿ ಇಷ್ಟೆಲ್ಲ ಆಯಿತೋ ಅವರು, ಲೋಟ ಬರಿದು ಮಾಡಿ, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದು, ಮೀಸೆ ಒರೆಸಿಕೊಂಡು ಸುಮ್ಮನೆ ಕುಳಿತರು. ಹಾಗಂದ ತಮ್ಮ ತಂಗಿಗೆ ಒಂದು ಮಾತೂ ಹೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹೊಸ್ತಿಲು ದಾಟಲು ಕಾಲೆತ್ತಿದ್ದೆ, ಖಾಲಿ ಲೋಟ ಹಿಡಿದು ಒಳಗೆ ಬಂದ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಸುಮ್ನಿರು ತಂಗಿ. ನಿನಗ್ಯಾರು ಹೇಳಿದ್ರು ಅಂತ ಕೇಳ್ತಾರ. ನಿನ್ನ ಕೆಲ್ಸ ಹೋಗ್ತತಿ."

ನಾಲ್ಕು ದಿನಕ್ಕೆ ಮಧ್ಯಸ್ಥಿಕೆಯವನ ಫೋನು ಬಂತು. ಹುಡುಗಿ ಚೆನ್ನಾಗಿದ್ದಾಳೆ, ಆದರೆ ಮನೆತನದ ಕೈ ಬಿಗಿ, ಅಲ್ಲಿ ಸಂಬಂಧ ಬೇಡ ಎಂದು ಹುಡುಗನ ಅಪ್ಪನೇ ಹೇಳಿದರಂತೆ. ಎರಡು ಲೋಟ ಕುಡಿದ ಬಾಯಿ ಅದು! ಉಂಡ ಮನೆಯ ಜಂತಿ ಎಣಿಸುವವರು ಎಂದು ಕೇಳಿದ್ದೆ, ಅವತ್ತು ಕಂಡೆ. ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಸಂತೆಯಲ್ಲಿ, ಹೆಂಗಸರ ಸಂಘದ ಮೀಟಿಂಗಿನಲ್ಲಿ ಅದು 'ನೀರು ಕಾಫಿ ಮನೆ'ಯಾಯಿತು. ಆಮೇಲೆ ಬಂದ ಇನ್ನೆರಡು ಸಂಬಂಧದವರೂ ಆ ಕಥೆ ಕೇಳಿ ಹಿಂದೆ ಸರಿದರು. ಬೀದಿಗೆಲ್ಲ ಕೈಬಿಚ್ಚಿ ಹಂಚಿದ ಹೆಂಗಸಿಗೆ ಈ ಹೆಸರು. ಆಡಿದವರಲ್ಲಿ ಅರ್ಧ ಜನ ಅವರ ಅಂಗಳದಲ್ಲೇ ಕುಳಿತು ಕುಡಿದವರು.

ಮಗಳೂ ಅಂದಳು. ಬಟ್ಟೆ ಒಣಹಾಕುತ್ತಿದ್ದ ತಾಯಿಯ ಮುಂದೆ ನಿಂತು, "ಎರಡು ಚಮಚ ಸಕ್ರಿ ಹಾಕಿದ್ರ ನಿನ್ನ ಗಂಟೇನು ಹೋಗ್ತಿತ್ತವ್ವ?" ಎಂದಳು. ನನಗೆ ರಸ್ತೆಯ ಈಚೆಗೂ ಕೇಳಿಸಿತು. ಅಕ್ಕ ಸೀರೆ ಕೊಡವಿ ತಂತಿಯ ಮೇಲೆ ಹರಡಿದರು. ನಾನು ರಸ್ತೆ ದಾಟಿ ಹೋಗಿ ನಿಜ ಹೇಳಲಿಲ್ಲ. ಜನರ ಮೇಲೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಹೆಚ್ಚು ಸಿಟ್ಟು ಆ ಹೊತ್ತಿನ ನನ್ನ ಮೇಲಿದೆ. ನನಗೆ ಸಂಬಳ ಬೇಕಿತ್ತು, ಅಷ್ಟೇ ಕಾರಣ.

ಮುಂದೆ ಮಗಳಿಗೆ ಉಡುತಡಿಯಲ್ಲಿ ಮದುವೆಯಾಯಿತು, ಸುಖವಾಗಿಯೇ ಇದ್ದಾಳೆ. ಅಕ್ಕ ಹೋದ ವರ್ಷ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಮಾರನೆಯ ಮಧ್ಯಾಹ್ನ ಮಗಳು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು, ನಾನು ಒರೆಸಿ ಕೊಡುತ್ತಿದ್ದೆ. "ಅವ್ವ ಒಳ್ಳೇಕಿ, ಆದ್ರ ಕೈ ಸ್ವಲ್ಪ ಬಿಗಿ ನೋಡ್ರಿ ಆಂಟಿ" ಎಂದಳು, ಪ್ರೀತಿಯಿಂದಲೇ. ಆಗ ತಡೆಯಲಾಗಲಿಲ್ಲ. ಲ್ಯಾಬು, ರಿಪೋರ್ಟು, ಡಬ್ಬಿಗೆ ವಾಪಸ್ ಸುರಿದ ರವೆ, ಮಣಿಕಟ್ಟು, ಎಲ್ಲವನ್ನೂ ಹೇಳಿದೆ. ಹೇಳಿದ್ದು ನಾನು, ಅನ್ನಿಸಿಕೊಂಡದ್ದು ನಿಮ್ಮವ್ವ ಎಂದೆ.

ಅವಳು ಬಯ್ಯಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟಳು.

"ಆವತ್ತಿಂದ ನಾನು ಆಕಿ ಕೈಯಾಗ ಕಾಫಿ ಕುಡಿಲಿಲ್ಲ ಆಂಟಿ. ಬಾಣಂತನಕ್ಕ ಬಂದಾಗೂ ಕುಡಿಲಿಲ್ಲ. ದಿನಾ ತಂದು ಇಡ್ತಿದ್ಲು, ದಿನಾ ವಾಪಸ್ ತಗೊಂಡು ಹೋಗ್ತಿದ್ಲು."

ಇದನ್ನು ಅಕ್ಕ ನನಗೆ ಒಂದು ದಿನವೂ ಹೇಳಿರಲಿಲ್ಲ.