ಕಟ್ ಮಾಡಿದ ಸೈನ್ ಎಕ್ಸ್

“ಎರಡೂ ಬದಿಯಲ್ಲಿ ಸೈನ್ ಎಕ್ಸ್ ಉಂಟಲ್ಲ, ಕಟ್ ಮಾಡು. ಖಲಾಸ್!” ಕತಾರಿನ ಅಲ್ ಖೋರ್‌ನ ನಮ್ಮ ಮನೆಯ ಊಟದ ಮೇಜಿನಲ್ಲಿ ಲೆಕ್ಕದ ಟ್ಯೂಷನ್ ಮಾಷ್ಟ್ರು ಹನ್ನೊಂದನೆಯ ಕ್ಲಾಸಿನ ಮಗಳಿಗೆ ಹೇಳುತ್ತಿದ್ದರು. ನಾನು ಒಳಗೆ ನೀರುದೋಸೆ ಹೊಯ್ಯುತ್ತಿದ್ದೆ.

“ಸರ್, ಸೈನ್ ಎಕ್ಸ್ ಸೊನ್ನೆಯಾದ್ರೆ? ಸೊನ್ನೆಯಿಂದ ಭಾಗಿಸ್ಬಾರ್ದಲ್ವಾ?” ಎಂದಳು ಮಗಳು. ಸೈನ್ ಎಕ್ಸನ್ನು ಕಾಮನ್ ತೆಗೆದು ಬಿಡಿಸಿದ್ದರಿಂದ ಅವಳಿಗೆ ‘ಎಕ್ಸ್ ಸೊನ್ನೆ’ ಎಂಬ ಇನ್ನೊಂದು ಉತ್ತರವೂ ಸಿಕ್ಕಿತ್ತು.

“ನೀನು ಮಾಷ್ಟ್ರಾ, ನಾನು ಮಾಷ್ಟ್ರಾ? ಅಳಿಸು ಅದನ್ನು.”

ಅವಳು ಅಳಿಸಿದಳು. ನನಗೆ ಮೈಯೆಲ್ಲ ಉರಿಯಿತು. ಸೌಟು ಹಿಡಿದುಕೊಂಡೇ ಹೊರಬಂದೆ. “ಮಾಷ್ಟ್ರೇ, ಎಕ್ಸ್ ಇದ್ದಲ್ಲಿ ಸೊನ್ನೆ ಹಾಕಿ ನೋಡಿ ಮಾರಾಯ್ರೆ. ಎರಡೂ ಬದಿ ಸೊನ್ನೆಯೇ ಬರ್ತದಲ್ಲ, ಮತ್ತೆ ಅವಳದ್ದು ತಪ್ಪು ಹೇಗೆ?”

ಹಾಕಿ ನೋಡಿದರು. “ಹಾಂ, ಅದೂ ಬರ್ತದೆ ಅಕ್ಕ. ಇರ್ಲಿ ಬಿಡಿ” ಎಂದು ಮುಂದಿನ ಲೆಕ್ಕಕ್ಕೆ ಹೋದರು. ‘ನಿನ್ನದು ಸರಿ’ ಎಂದು ಮಗಳಿಗೆ ಒಂದು ಮಾತೂ ಹೇಳಲಿಲ್ಲ.

ಅವರು ಹೋದ ಮೇಲೆ ಮೇಜು ಒರೆಸುವಾಗ ರಬ್ಬರಿನ ಪುಡಿ ಕೈಗೆ ಹತ್ತಿತು. ಅಳಿಸಿದ ಉತ್ತರವನ್ನು ಮಗಳು ಮತ್ತೆ ಬರೆದಿದ್ದಳು. ಆದರೆ ಆಮೇಲಿನ ಲೆಕ್ಕಗಳಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.