ನಡುವಿನ ಒಂದು ಫ್ಲಾಪಿ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಒಂದು ಕಾರ್ಖಾನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ನಾನೂ ಬಂದೆ. ಬಾಗಲೂರು ಕಡೆಯ ನಮ್ಮ ಹಳ್ಳಿಯಲ್ಲಿ ಡಿಗ್ರಿ ಓದಿದ ಹೆಣ್ಣುಮಗಳು ನಾನೊಬ್ಬಳೇ. ಕಾರ್ಖಾನೆಯಲ್ಲಿ ಆ ಯಂತ್ರವನ್ನು ಮುಟ್ಟುತ್ತಿದ್ದವಳೂ ನಾನೊಬ್ಬಳೇ.

ಅದಕ್ಕೆಂದೇ ಗಾಜಿನ ಕೋಣೆ ಕಟ್ಟಿಸಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಧೂಳು ಬರಬಾರದೆಂದು ಕಿಟಕಿ ತೆಗೆಯುವ ಹಾಗಿಲ್ಲ. ಗಾಜಿನಾಚೆ ಜನ ಓಡಾಡುತ್ತಿದ್ದರು, ನಗುತ್ತಿದ್ದರು, ಒಳಗೆ ಏ.ಸಿ.ಯ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಉಗ್ರಾಣದಲ್ಲಿ ಯಾವ ಬಿಡಿಭಾಗ ಎಷ್ಟು ಉಳಿದಿದೆ ಎಂಬುದನ್ನು ದಿನವೂ ಯಂತ್ರಕ್ಕೆ ತುಂಬುವುದು ನನ್ನ ಕೆಲಸ. ಉಗ್ರಾಣದವರು ಲೆಕ್ಕದ ಚೀಟಿಗಳನ್ನು ಬಾಗಿಲ ಸಂದಿಯಿಂದ ಕೊಟ್ಟು ಹೋಗುತ್ತಿದ್ದರು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಬಾಯಿ ಬಿಟ್ಟು ಒಂದು ಮಾತೂ ಆಡಿರುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಟಿಕೆಟ್ ಕೇಳುವುದೇ ಆ ದಿನದ ಮೊದಲ ಮಾತಾಗಿರುತ್ತಿತ್ತು.

ಆ ಕೋಣೆಗೆ ಒಂದು ದಿನ ಬೆಂಗಳೂರಿನ ಎಂಜಿನಿಯರೊಬ್ಬರು ಬಂದರು. ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ಅವರ ಕಂಪನಿ ಹೊಸ ಸಾಫ್ಟ್‌ವೇರ್ ಒಂದನ್ನು ತಯಾರಿಸಿತ್ತು. ಅದು ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಸಾಲಾಗಿ ಫ್ಲಾಪಿಗಳ ಮೇಲೆ ಬರೆದಿಡುತ್ತದೆ. ನಾಳೆ ಯಂತ್ರ ಕೆಟ್ಟರೆ ಆ ಫ್ಲಾಪಿಗಳನ್ನು ಒಂದೊಂದಾಗಿ ಹಾಕುತ್ತ ಹೋದರೆ ಸಾಕು, ಎಲ್ಲ ನಿನ್ನೆ ಇದ್ದ ಹಾಗೇ ಬಂದು ನಿಲ್ಲುತ್ತದೆ.

"ಊಟ ಆಯ್ತಾ ಮೇಡಂ?" ಎಂದರು ಒಳಗೆ ಬಂದವರೇ. ಆ ಕೋಣೆಯಲ್ಲಿ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಅವರು ಮ್ಯಾನೇಜರ ಎದುರಿಗೇ ಯಂತ್ರದ ಒಂದು ಭಾಗವನ್ನು ಅಳಿಸಿ, ಫ್ಲಾಪಿಗಳಿಂದ ಮತ್ತೆ ತುಂಬಿ ತೋರಿಸಿದರು. ಮದರಾಸಿನಿಂದ ಬಂದಿದ್ದ ಮ್ಯಾನೇಜರಿಗೆ ಬಹಳ ಖುಷಿಯಾಯಿತು. ಕೊಂಡುಕೊಳ್ಳುವ ಮೊದಲು ಕೆಲವು ವಾರ ನೀನೇ ಪರೀಕ್ಷೆ ಮಾಡಿ ಹೇಳು ಎಂದು ತಮಿಳಿನಲ್ಲಿ ನನಗೆ ಹೇಳಿ ಹೋದರು.

ಹೀಗಾಗಿ ಆ ಎಂಜಿನಿಯರು ಆಗಾಗ ಬರತೊಡಗಿದರು. ಅತ್ತಿಬೆಲೆಯಲ್ಲಿ ಬಸ್ಸು ನಿಂತು, ಜೂಜುವಾಡಿಯ ಗಡಿ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಬೆವರಿಳಿಸಿಕೊಂಡು ಬರುತ್ತಿದ್ದರು. ಯಂತ್ರದ ವಿಷಯವನ್ನು ಕನ್ನಡದಲ್ಲಿ ಮಾತಾಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಏನು ಕೇಳಿದರೂ ಕುರ್ಚಿ ಎಳೆದುಕೊಂಡು ವಿವರಿಸುತ್ತಿದ್ದರು. ಅವರು ಬರುವ ದಿನ ನಾನು ಅವರೆಕಾಳಿನ ಸಾರನ್ನು ಸ್ವಲ್ಪ ಹೆಚ್ಚಾಗಿಯೇ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಇದಕ್ಕೆ ಹೆಸರಿಡುವಂಥದ್ದು ಏನೂ ನಡೆಯಲಿಲ್ಲ. ಅವರು ಬಂದಾಗ ಕೋಣೆಯಲ್ಲಿ ಮಾತಿರುತ್ತಿತ್ತು, ಅಷ್ಟೆ.

ಅವರಿಲ್ಲದ ದಿನಗಳಲ್ಲಿ ನಾನು ಪರೀಕ್ಷೆ ಮಾಡುತ್ತಿದ್ದೆ. ಮೂಲೆಯಲ್ಲಿ ಒಂದು ಹಳೆಯ ಯಂತ್ರವಿತ್ತು. ಅದನ್ನು ಪೂರ್ತಿ ಅಳಿಸಿ, ಫ್ಲಾಪಿಗಳಿಂದ ತುಂಬಿ ನೋಡಿದೆ. ಎಲ್ಲ ಬಂತು. ಮತ್ತೆ ಅಳಿಸಿದೆ, ಮತ್ತೆ ಬಂತು. ಮುಂದಿನ ವಾರ ಹೊಸದಾಗಿ ಬರೆದ ಫ್ಲಾಪಿಗಳಿಂದ ಮಾಡಿದಾಗ ನಡುವಿನ ಒಂದು ಫ್ಲಾಪಿಗೆ ಬಂದು ನಿಂತುಬಿಟ್ಟಿತು. ಅದನ್ನೇ ತೆಗೆದು ಹಾಕು, ತೆಗೆದು ಹಾಕು ಎಂದು ಪರದೆ ಕೇಳುತ್ತಲೇ ಇತ್ತು. ಅದನ್ನು ಬಿಟ್ಟು ಮುಂದಿನದು ಹಾಕಿದರೆ ಒಲ್ಲೆ ಎಂದಿತು. ಆ ಫ್ಲಾಪಿಯ ಮುಂದಿನವೆಲ್ಲ ಚೆನ್ನಾಗಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ಬರೆಯುವಾಗ ಮಾತ್ರ ಎಲ್ಲವೂ ಸರಿಯಾಗಿ ಮುಗಿಯಿತೆಂದೇ ಅದು ತೋರಿಸಿತ್ತು.

ಆ ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಲು ಹೋದೆ. ರೇಷ್ಮೆ ಹುಳುಗಳು ಪೊರೆ ಬಿಡುವ ಹೊತ್ತು. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಅಮ್ಮ ತಟ್ಟೆಗಳ ಮೇಲೆ ಬಗ್ಗಿ ನೋಡುತ್ತಿದ್ದಳು.

"ಅಮ್ಮಾ, ನಿಜ ಹೇಳಿದ್ರೆ ಒಬ್ರಿಗೆ ಬೇಜಾರಾಯ್ತದೆ. ಏನ್ ಮಾಡ್ಲಿ?"

"ಮೆಲ್ಲಗ್ ಮಾತಾಡೇ, ಹುಳಾ ಜ್ವರದಾಗವೆ," ಎಂದಳು. ಇನ್ನೊಂದು ತಟ್ಟೆಗೆ ಹೊರಳಿದ ಮೇಲೆ, "ಏನಂದೆ?" ಎಂದು ಕೇಳಿದಳು. ನಾನು ಏನಿಲ್ಲ ಎಂದೆ.

ನಂಬಬಹುದು ಎಂದರೆ ಅವರು ಬರುತ್ತಲೇ ಇರುತ್ತಾರೆ, ಬೇಡ ಎಂದರೆ ಬರುವುದು ನಿಲ್ಲುತ್ತದೆ. ಬಸ್ಸಿನಲ್ಲಿ ಹೋಗುವಾಗ, ಬರುವಾಗ ಇದೇ ಯೋಚನೆ. ಮೂರು ಸಲದಲ್ಲಿ ಎರಡು ಸಲ ಬಂದಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಯಂತ್ರ ಕೆಡುವುದು ಆ ಎರಡು ಸಲದಲ್ಲೇ ಎಂದು ಯಾರು ಹೇಳಬಲ್ಲರು?

ಮುಂದಿನ ಸಲ ಅವರು ಬಂದಾಗ ಮೊದಲು ಅವರಿಗೇ ತೋರಿಸಿದೆ. ಆ ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಫ್ಲಾಪಿ ಕೆಟ್ಟಿದೆ ಮೇಡಂ. ಸಾಫ್ಟ್‌ವೇರ್ ತಪ್ಪಲ್ಲ."

"ಇರ್ಬೋದು ಸಾರ್. ಒಂದು ಕೆಟ್ರೆ ಮಿಕ್ಕಿದ್ದೆಲ್ಲ ಯಾಕೆ ಬರಲ್ಲ?"

"ಒಂದಕ್ಕೊಂದು ಸೇರಿಸಿ ಬರ್ದಿರ್ತೀವಿ. ಜಾಗ ಉಳಿಸೋಕೆ."

"ಕೆಟ್ಟಿದೆ ಅಂತ ಬರೆಯೋವಾಗ್ಲೇ ಹೇಳ್ಬೋದಿತ್ತಲ್ಲ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬರೆದಿದ್ದನ್ನ ಅದು ತಿರುಗಿ ಓದಿ ನೋಡಲ್ಲ ಮೇಡಂ. ಓದಿಸಿದ್ರೆ ತುಂಬಾ ಹೊತ್ತು ಹಿಡಿಯುತ್ತೆ ಅಂತ ಬಿಟ್ವಿ." ಆಮೇಲೆ ನನ್ನ ಮುಖ ನೋಡಿ, "ಮ್ಯಾನೇಜರ್‌ಗೆ ಏನ್ ಹೇಳ್ತೀರಾ?" ಎಂದರು.

"ಇದನ್ನೇ ಹೇಳ್ತೀನಿ ಸಾರ್."

"ಹೇಳಿ. ಹೇಳ್ಲೇಬೇಕು."

ಇಬ್ಬರೂ ಒಟ್ಟಿಗೆ ಊಟ ಮಾಡಿದೆವು. ಸಾರು ಚೆನ್ನಾಗಿದೆ ಎಂದರು. ಕೋಪವಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವರ ಮುಖದಲ್ಲಿ ಕೋಪವಿರಲಿಲ್ಲ, ದಣಿವಿತ್ತು.

ಮ್ಯಾನೇಜರು ಉದ್ದ ವಿವರಣೆ ಕೇಳಲಿಲ್ಲ. ನಂಬಬಹುದೋ ಇಲ್ಲವೋ, ಒಂದು ಮಾತಿನಲ್ಲಿ ಹೇಳು ಎಂದರು. ಇಲ್ಲ ಎಂದೆ. ಎಂಜಿನಿಯರು ತಮ್ಮ ಪೆಟ್ಟಿಗೆ ತುಂಬಿಕೊಂಡು, ಬಾಗಿಲಲ್ಲಿ ಶೂ ಹಾಕಿಕೊಂಡು, "ಬರ್ತೀನಿ ಮೇಡಂ" ಎಂದರು. ಹೋಗುವವರೆಲ್ಲ ಹಾಗೇ ಹೇಳುವುದು. ಅವರು ಮತ್ತೆ ಬರಲಿಲ್ಲ.

ನಾನು ಹಳೆಯ ರೀತಿಗೇ ಮರಳಿದೆ. ಒಂದೊಂದು ವಿಭಾಗದ ಲೆಕ್ಕವನ್ನು ಬೇರೆಬೇರೆ ಫ್ಲಾಪಿಗೆ ನಕಲು ಮಾಡಿ, ವಾರಕ್ಕೊಮ್ಮೆ ಹಳೆಯ ಯಂತ್ರದಲ್ಲಿ ಓದಿಸಿ ನೋಡುತ್ತಿದ್ದೆ. ಒಂದು ಕೆಟ್ಟರೆ ಅದೊಂದೇ ಹೋಗಲಿ ಎಂದು. ಕೆಲಸ ಹೆಚ್ಚಾಯಿತು. ಮಾತು ಅವರು ಬರುವ ಮೊದಲಿದ್ದಷ್ಟೇ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು, ಯಂತ್ರ ಕೊನೆಗೆ ಎದ್ದೇಳಲಿಲ್ಲ. ಒಳಗಿನ ಡಿಸ್ಕ್ ಕರಕರ ಅನ್ನುತ್ತಿತ್ತು. ಹೊಸ ಡಿಸ್ಕ್ ಹಾಕಿಸಿ, ನನ್ನ ಫ್ಲಾಪಿಗಳನ್ನು ಒಂದೊಂದೇ ತುಂಬಿದೆ. ಎರಡು ಫ್ಲಾಪಿ ಕೈಕೊಟ್ಟವು. ಆ ವಿಭಾಗಗಳ ಚೀಟಿಗಳನ್ನು ಉಗ್ರಾಣದಿಂದ ತರಿಸಿ ಮತ್ತೆ ತುಂಬಿದೆ. ಮಿಕ್ಕಿದ್ದೆಲ್ಲ ಬಂತು. ಉಗ್ರಾಣದ ಹಿರಿಯ ಗುಮಾಸ್ತರು ಗಾಜಿನಾಚೆಯಿಂದ, "ಬಂತೇನಮ್ಮಾ ಎಲ್ಲಾ?" ಎಂದು ಸನ್ನೆಯಲ್ಲೇ ಕೇಳಿದರು. ನಾನು ತಲೆಯಾಡಿಸಿದೆ, ಅವರು ಹೋದರು. ಮ್ಯಾನೇಜರು ಸರಿ ಎಂದು ಆ ದಿನದ ಪ್ರಿಂಟ್ ಕೇಳಿದರು.

ನನಗೆ ಯಾರಿಗಾದರೂ ಹೇಳಬೇಕಿತ್ತು. ಇದು ಎಂಥ ಕೆಲಸವೆಂದು ತಿಳಿಯಬಲ್ಲವರು ಒಬ್ಬರೇ ಇದ್ದರು. ಅವರ ಸಾಫ್ಟ್‌ವೇರ್ ಇದ್ದಿದ್ದರೂ ಎಲ್ಲ ಬರುತ್ತಿತ್ತೇನೋ. ಆ ದಿನದ ಫ್ಲಾಪಿಗಳೆಲ್ಲ ಸರಿಯಿದ್ದಿದ್ದರೆ ನನಗಿಂತ ಬೇಗನೇ ಬರುತ್ತಿತ್ತು. ಅದನ್ನೂ ಅವರಿಗೆ ಹೇಳಬೇಕೆನ್ನಿಸಿತು. ಸಂಜೆ ಬಸ್ ನಿಲ್ದಾಣದ ಹತ್ತಿರದ ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿದೆ. ಅವರ ಆಫೀಸಿನ ಹುಡುಗಿ ಎತ್ತಿಕೊಂಡಳು.

"ಅವರು ಕೆಲಸ ಬಿಟ್ಟು ಪುಣೆಗೆ ಹೋದ್ರಲ್ಲ ಮೇಡಂ. ಏನ್ ವಿಷಯ? ನಮ್ಮಲ್ಲಿ ಬೇರೆಯವ್ರಿಗೆ ಕೊಡ್ಲಾ?"

"ಬೇಡಮ್ಮಾ," ಎಂದು ಫೋನು ಇಟ್ಟೆ. ಬಾಗಲೂರಿನ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿಕೊಂಡೆ, ಕಿಟಕಿಯ ಸೀಟೊಂದು ಖಾಲಿಯಿತ್ತು.